‘ಡಿಂಗ್’ ಡಾರ್ಲಿಂಗ್ ಅಭಯಾರಣ್ಯ, ಸ್ಯಾನಿಬೆಲ್: ಇಳಿತ ನೋಡಿ ಹೊರಡಿ

ಫ್ಲಾರಿಡಾದ ಸ್ಯಾನಿಬೆಲ್ ದ್ವೀಪದಲ್ಲಿರುವ ಜೆ. ಎನ್. ‘ಡಿಂಗ್’ ಡಾರ್ಲಿಂಗ್ ರಾಷ್ಟ್ರೀಯ ವನ್ಯಜೀವಿ ಧಾಮಕ್ಕೆ ಹೋಗಿಬಂದವರು ಎರಡು ಥರ ಹೇಳುತ್ತಾರೆ. ಕೆಲವರಿಗೆ ಕಣ್ಣು ತುಂಬ ಹಕ್ಕಿ ಸಿಕ್ಕಿರುತ್ತವೆ. ಉಳಿದವರು ನೀರು, ಪೊದೆ, ಕಾರಿನ ಸಾಲು ಇಷ್ಟೇ ಕಂಡು ಬಂದಿರುತ್ತಾರೆ. ಇಬ್ಬರ ಮಾತೂ ನಿಜ. ವ್ಯತ್ಯಾಸ ಆಗುವುದು ಹೋದ ಹೊತ್ತಿನಿಂದ. ಇಲ್ಲಿ ಹೊತ್ತು ಎಂದರೆ ಬೆಳಗ್ಗೆ, ಸಂಜೆ ಎಂದಲ್ಲ, ಸಮುದ್ರದ ಭರತ ಮತ್ತು ಇಳಿತ. ಹಕ್ಕಿ ನೋಡಲು ನಸುಕಿನಲ್ಲೇ ಏಳಬೇಕು ಎಂದು ನಮ್ಮಲ್ಲಿ ಕಲಿತಿರುತ್ತೇವೆ. ಇಲ್ಲಿ ಆ ಪಾಠ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಭರತ ತುಂಬಿ ನಿಂತ ಬೆಳಗ್ಗೆ 7 ಗಂಟೆಗಿಂತ ಇಳಿತದ ಮಧ್ಯಾಹ್ನ 1 ಗಂಟೆ ಎಷ್ಟೋ ಮೇಲು.

ಕಾರಣ ಸರಳ. ಸ್ಯಾನಿಬೆಲ್ ದ್ವೀಪದ ದಕ್ಷಿಣಕ್ಕೆ ಮೆಕ್ಸಿಕೋ ಕೊಲ್ಲಿಯ ಮರಳ ದಂಡೆ, ಉತ್ತರಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮತ್ತು ತೆಳು ನೀರಿನ ಹಿನ್ನೀರು. ಸುಮಾರು 6,400 ಎಕರೆಯ ಧಾಮದ ಬಹುಪಾಲು ಈ ಉತ್ತರದ ಕಡೆಗಿದೆ. ನೀರು ಇಳಿದಾಗ ಮೊಣಕಾಲುದ್ದದ ಕೆಸರು ಬಯಲು ತೆರೆದುಕೊಳ್ಳುತ್ತದೆ. ಮೀನು, ಸಿಗಡಿ, ಏಡಿ ಎಲ್ಲ ಸಣ್ಣ ಹೊಂಡಗಳಲ್ಲಿ ಸಿಕ್ಕಿಬೀಳುತ್ತವೆ. ಬೆಳ್ಳಕ್ಕಿ, ಬಕ, ಚಮಚಕೊಕ್ಕು, ಗೊರವಗಳು ಊಟಕ್ಕೆ ಇಳಿಯುವುದು ಆಗಲೇ. ನೀರು ಏರುತ್ತಿದ್ದಂತೆ ಅವು ಒಳಗಿನ ಕಾಂಡ್ಲಾ ಮರಗಳ ಮೇಲೆ ಹೋಗಿ ಕೂತು ಗರಿ ಕೆದಕುತ್ತಾ ಕಾಲ ಕಳೆಯುತ್ತವೆ. ದಾರಿಯಿಂದ ಅವು ಕಾಣುವುದಿಲ್ಲ.

ಇಳಿತದ ವೇಳಾಪಟ್ಟಿ ನೋಡುವಾಗ ಹೆಚ್ಚಿನವರು ಎಡವುವ ಜಾಗ ಒಂದಿದೆ. ದ್ವೀಪದ ದೀಪಸ್ತಂಭದ ಕಡೆಯ ಅಥವಾ ಕಡಲ ಕಡೆಯ ಪಟ್ಟಿ ನೋಡಿ ಹೊರಡುತ್ತಾರೆ. ಹಿನ್ನೀರಿಗೆ ನೀರು ದ್ವೀಪಗಳ ಸಂದಿಯಿಂದ ಸುತ್ತಿ ಬರಬೇಕು, ಹಾಗೆಯೇ ಸುತ್ತಿ ಹೋಗಬೇಕು. ಹಾಗಾಗಿ ಧಾಮದ ಕಡೆ ಇಳಿತ ಕಡಲ ಕಡೆಗಿಂತ ಒಂದೆರಡು ಗಂಟೆ ತಡ. ಪಟ್ಟಿಯಲ್ಲಿ ಟಾರ್ಪನ್ ಬೇ ಹೆಸರಿನ ಕೇಂದ್ರ ಹುಡುಕಿ. ಇಳಿತದ ತಳಕ್ಕೆ ಸುಮಾರು ಎರಡು ಗಂಟೆ ಮೊದಲು ಒಳಗಿದ್ದರೆ ನೀರು ಇಳಿಯುತ್ತಿರುವಾಗಿನ ಭರಾಟೆ ಸಿಗುತ್ತದೆ. ತಳ ಮುಟ್ಟಿದ ಮೇಲೆ ಹಕ್ಕಿಗಳು ನೀರಿನ ಅಂಚು ಹಿಡಿದು ದೂರ ಸರಿದುಬಿಡುತ್ತವೆ, ಆಗ ಟೆಲಿಸ್ಕೋಪ್ ಬೇಕು. ಇನ್ನೊಂದು ಸಂಗತಿ ಗಾಳಿ. ಇಲ್ಲಿನ ಭರತ, ಇಳಿತಗಳ ಅಂತರ ಎರಡು ಮೂರು ಅಡಿ ಅಷ್ಟೇ. ಆದ್ದರಿಂದ ಗಾಳಿಯ ಕೈ ದೊಡ್ಡದು. ಚಳಿಗಾಲದಲ್ಲಿ ಶೀತ ಮಾರುತ ದಾಟಿದ ಮೇಲೆ ಉತ್ತರದ ಗಾಳಿ ಜೋರಾಗಿ ಬೀಸಿದರೆ ಹಿನ್ನೀರಿನ ನೀರೆಲ್ಲ ಹೊರಕ್ಕೆ ತಳ್ಳಲ್ಪಟ್ಟು ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಬಯಲು ತೆರೆಯುತ್ತದೆ. ಅಂಥ ದಿನ ಚಳಿ ಇದ್ದರೂ ಬಿಡಬೇಡಿ. ಕೆಲವು ದಿನ ಎರಡು ಇಳಿತ ಬರುತ್ತವೆ, ಅವೂ ಸಮನಾಗಿರುವುದಿಲ್ಲ. ಹಗಲು ಬರುವ ಇಳಿತ ಎಷ್ಟು ಆಳದ್ದು ಎಂದು ಅಂಕಿ ನೋಡಿ ದಿನ ಆರಿಸಿ.

ಮುಖ್ಯ ದಾರಿ ವೈಲ್ಡ್‌ಲೈಫ್ ಡ್ರೈವ್. 4 ಮೈಲಿ, ಅಂದರೆ 6.4 ಕಿ.ಮೀ., ಏಕಮುಖ ಸಂಚಾರ. ಇದು ಹಕ್ಕಿ ನೋಡಲೆಂದು ಹಾಕಿದ ರಸ್ತೆಯಲ್ಲ. 1960ರ ದಶಕದಲ್ಲಿ ಸೊಳ್ಳೆ ತಡೆಯಲು ಕಟ್ಟಿದ ಏರಿ. ಉಪ್ಪುನೀರಿನ ಜೌಗು ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಒದ್ದೆ ಮಣ್ಣಿನ ಮೇಲೆ ಇಡುತ್ತದೆ. ಆ ಮಣ್ಣಿನ ಮೇಲೆ ಸದಾ ನೀರು ನಿಲ್ಲಿಸಿದರೆ ಅದಕ್ಕೆ ಜಾಗವಿಲ್ಲ. ಹಾಗೆ ಏರಿ ಕಟ್ಟಿ ನೀರು ನಿಲ್ಲಿಸಿದರು. ಈಗ ಏರಿಯ ಅಡಿಯ ಮೋರಿ, ತೂಬುಗಳ ಮೂಲಕ ಒಳಗಿನ ನೀರಿನ ಮಟ್ಟ ಏರಿಸಿ ಇಳಿಸುತ್ತಾರೆ. ಕೆರೆ ಏರಿಯ ಮೇಲೆ ನಡೆದವರಿಗೆ ಇಲ್ಲಿನ ವ್ಯವಸ್ಥೆ ಥಟ್ಟನೆ ಅರ್ಥವಾಗುತ್ತದೆ.

ಹೋಗುವ ದಿಕ್ಕಿನಲ್ಲಿ ಬಲಗಡೆ ಕಾಣುವುದು ಭರತ, ಇಳಿತಕ್ಕೆ ತೆರೆದ ಹಿನ್ನೀರು. ಎಡಗಡೆ ತೂಬಿನ ಹಿಡಿತದಲ್ಲಿರುವ ನೀರು. ಬಲಗಡೆ ಭರತ ತುಂಬಿ ಏನೂ ಕಾಣದಿದ್ದಾಗಲೂ ಎಡಗಡೆಯ ನೀರು ತೆಳುವಾಗಿದ್ದರೆ ಅಲ್ಲಿ ಹಕ್ಕಿ ಇರುತ್ತವೆ. ಮೋರಿಗಳ ಬಾಯಿ ಬಿಟ್ಟು ಮುಂದೆ ಹೋಗಬೇಡಿ. ನೀರು ಹರಿಯುತ್ತಿದ್ದರೆ ಮೀನು ಅಲ್ಲಿ ಗುಂಪಾಗುತ್ತವೆ, ಬಕಗಳು ಅಲ್ಲೇ ಕಾದು ನಿಂತಿರುತ್ತವೆ. ಬೆಳಕಿನ ಲೆಕ್ಕವೂ ಇದೆ: ಬಲಗಡೆ ಉತ್ತರ, ಆದ್ದರಿಂದ ದಿನವಿಡೀ ಬೆಳಕು ನಿಮ್ಮ ಬೆನ್ನಿಗೆ. ಎಡಗಡೆ ದಕ್ಷಿಣ, ಚಳಿಗಾಲದ ನಡುಹಗಲಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆದು ಹಕ್ಕಿ ಎಲ್ಲ ಕಪ್ಪು ನೆರಳಾಗಿ ಕಾಣುತ್ತವೆ. ಫೋಟೋ ತೆಗೆಯುವವರು ಎಡಗಡೆಯ ನೀರನ್ನು ಬೆಳಗಿನ ಮೊದಲ ತಾಸಿಗೆ ಇಟ್ಟುಕೊಳ್ಳಲಿ.

ಕಾರಿಗೆ 10 ಡಾಲರ್, ನಡೆದು ಅಥವಾ ಸೈಕಲ್‌ನಲ್ಲಿ ಹೋಗುವವರಿಗೆ ತಲಾ 1 ಡಾಲರ್ ಶುಲ್ಕ ಇಟ್ಟುಕೊಂಡು ಬಂದಿದ್ದಾರೆ. ಹೊರಡುವ ಮೊದಲು ಇಂದಿನ ದರ ಒಮ್ಮೆ ನೋಡಿಕೊಳ್ಳಿ. ಶುಕ್ರವಾರ ಈ ದಾರಿ ಮುಚ್ಚಿರುತ್ತದೆ, ಹಕ್ಕಿಗಳಿಗೆ ಒಂದು ದಿನದ ಬಿಡುವು. ದೂರದಿಂದ ವಾರಾಂತ್ಯಕ್ಕೆಂದು ಶುಕ್ರವಾರವೇ ಬಂದು ಗೇಟಿನ ಮುಂದೆ ನಿಲ್ಲುವವರು ಪ್ರತಿ ಚಳಿಗಾಲವೂ ಇರುತ್ತಾರೆ. ಬಾಗಿಲು ತೆರೆಯುವುದು ಬೆಳಗ್ಗೆ 7ಕ್ಕೆ, ಮುಚ್ಚುವ ಹೊತ್ತು ಸೂರ್ಯಾಸ್ತದೊಂದಿಗೆ ಬದಲಾಗುತ್ತದೆ. ಸಂದರ್ಶಕರ ಕೇಂದ್ರಕ್ಕೆ ಪ್ರವೇಶ ಉಚಿತ. ಮೊದಲು ಅಲ್ಲಿಗೆ ಹೋಗಿ, ಹಿಂದಿನ ದಿನ ಯಾವ ಹಕ್ಕಿ ಎಲ್ಲಿ ಕಂಡಿತ್ತು, ಯಾವ ಕಾಲುದಾರಿ ಮುಚ್ಚಿದೆ ಎಂದು ಕೇಳಿ. ಮೇಜಿನ ಹಿಂದೆ ಕೂತ ಸ್ವಯಂಸೇವಕರು ಅಕ್ಕರೆಯಿಂದ ನಕ್ಷೆಯ ಮೇಲೆ ಗುರುತು ಹಾಕಿಕೊಡುತ್ತಾರೆ. ಶೌಚಾಲಯ, ಕುಡಿಯುವ ನೀರಿನ ಕೆಲಸವನ್ನೂ ಅಲ್ಲೇ ಮುಗಿಸಿಕೊಳ್ಳಿ. ದಾರಿಯಲ್ಲಿ ಅಂಗಡಿ ಇಲ್ಲ, ನೆರಳೂ ಕಡಿಮೆ. ಒಬ್ಬರಿಗೆ ಎರಡು ಲೀಟರ್ ನೀರು ಹೆಚ್ಚಾಗುವುದಿಲ್ಲ.

ಈ ಧಾಮದ ದೊಡ್ಡ ತೊಂದರೆ ಕಾರುಗಳೇ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಚಮಚಕೊಕ್ಕು ಕಂಡರೆ ಸಾಕು, ಹಿಂದೆ ಹತ್ತಾರು ಕಾರು ನಿಲ್ಲುತ್ತವೆ. ಗಾಜು ಇಳಿಸಿ ಫೋನಿನಲ್ಲಿ ಚಿತ್ರ ಹಿಡಿದು ಮುಕ್ಕಾಲು ತಾಸಿನಲ್ಲಿ ಮುಗಿಸಿ ಹೋಗುವವರೇ ಜಾಸ್ತಿ. ಅಷ್ಟಕ್ಕೆ 10 ಡಾಲರ್ ದುಬಾರಿ ಎನಿಸಿದರೆ ಆಶ್ಚರ್ಯವಿಲ್ಲ. ನಡೆಯುವವರಿಗೆ ಒಂದು ಡಾಲರಿಗೆ ಇಷ್ಟು ಸಿಗುವ ಜಾಗ ಆ ಕರಾವಳಿಯಲ್ಲಿ ಇನ್ನೊಂದಿಲ್ಲ. ಸೈಕಲ್ ಇನ್ನೂ ಒಳ್ಳೆಯದು. ದ್ವೀಪದ ಉದ್ದಕ್ಕೂ ಸುಮಾರು 25 ಮೈಲಿ ಸೈಕಲ್ ದಾರಿ ಇದೆ, ಬಾಡಿಗೆ ಸೈಕಲ್ ಸುಲಭವಾಗಿ ಸಿಗುತ್ತದೆ, ನೆಲ ಪೂರ್ತಿ ಸಮತಟ್ಟು.

ನಡಿಗೆಗೆ ಒಳ್ಳೆಯ ಸುತ್ತು ಹೀಗೆ: ಸಂದರ್ಶಕರ ಕೇಂದ್ರದ ಬಳಿ ಕಾರು ನಿಲ್ಲಿಸಿ ವೈಲ್ಡ್‌ಲೈಫ್ ಡ್ರೈವ್ ಹಿಡಿದು ಹೋಗಿ, ನಡುವಿನ ಅಡ್ಡ ಏರಿ ಬಂದಾಗ ಎಡಕ್ಕೆ ತಿರುಗಿ, ಇಂಡಿಗೋ ಟ್ರೇಲ್ ಮೇಲೆ ವಾಪಸ್ಸು ಬನ್ನಿ. ಒಟ್ಟು ಸುಮಾರು 4 ಮೈಲಿ. ನಿಂತು ನೋಡುತ್ತಾ ನಡೆದರೆ ಮೂರೂವರೆ ಗಂಟೆ ಬೇಕು. ಇಂಡಿಗೋ ಟ್ರೇಲ್‌ಗೆ ಕಾರು ಬರುವಂತಿಲ್ಲ. ಅದರ ಪಕ್ಕದ ಕಾಲುವೆಯಲ್ಲಿ ಆಲಿಗೇಟರ್ ಮೊಸಳೆ ಬಿಸಿಲು ಕಾಯುವುದುಂಟು, ಬಿಳಿ ಐಬಿಸ್ ಮತ್ತು ಹಳದಿ ನೆತ್ತಿಯ ಇರುಳು ಬಕ ಹತ್ತಿರದಿಂದಲೇ ಸಿಗುತ್ತವೆ. ಮೊಸಳೆಯಿಂದ ಕನಿಷ್ಠ ಐದಾರು ಮಾರು ದೂರ ಇರಿ, ಚಿಕ್ಕ ಮಕ್ಕಳನ್ನು ನೀರಿನ ಅಂಚಿಗೆ ಬಿಡಬೇಡಿ. ಅದಕ್ಕೆ ತಿಂಡಿ ಎಸೆಯುವುದು ಫ್ಲಾರಿಡಾದಲ್ಲಿ ಅಪರಾಧ. ತಿಂಡಿಯ ರುಚಿ ಕಂಡ ಮೊಸಳೆ ಮನುಷ್ಯರ ಹತ್ತಿರ ಬರಲು ಕಲಿಯುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ಪೂರ್ತಿ ಡ್ರೈವ್ ನಡೆದು ಮುಗಿಸುತ್ತೇನೆ ಎನ್ನುವವರು ಒಂದು ನೆನಪಿಡಬೇಕು: ಹೊರಹೋಗುವ ತುದಿ ಮುಖ್ಯ ರಸ್ತೆಗೆ ಸೇರುತ್ತದೆ, ಅಲ್ಲಿಂದ ಕಾರಿನವರೆಗೆ ಮತ್ತೆ ನಡೆಯಬೇಕು. ಎಲ್ಲ ಸೇರಿ 10 ಕಿ.ಮೀ. ಮೀರುತ್ತದೆ.

ಅಡ್ಡ ಏರಿಯ ಬಳಿ ಕಾಂಡ್ಲಾ ಗಿಡದ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಿ. ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆಹಾದಿಯಲ್ಲಿ ಕಂಡ ಬಿಳಲಿನಂಥ ಬೇರುಗಳೇ ಇಲ್ಲೂ ನೀರಿಗೆ ಇಳಿದಿವೆ, ಅದೇ ಕುಲದ ಇನ್ನೊಂದು ಜಾತಿ. ಬೇರಿನ ಮೇಲೆ ಎರಡು ಬೆರಳಗಲದ ಕಂದು ಏಡಿಗಳು ತೊಗಟೆಯ ಬಣ್ಣದಲ್ಲೇ ಅಂಟಿಕೊಂಡಿರುತ್ತವೆ. ಮೊದಲು ಒಂದೂ ಕಾಣುವುದಿಲ್ಲ. ನೀವು ಎಡಕ್ಕೆ ಸರಿದರೆ ಏಡಿ ಬೇರಿನ ಬಲಕ್ಕೆ ಜಾರುತ್ತದೆ, ಬಲಕ್ಕೆ ಬಂದರೆ ಎಡಕ್ಕೆ. ಆ ಅಲುಗಾಟ ಕಣ್ಣಿಗೆ ಬಿದ್ದ ಮೇಲೆ ಒಂದೇ ಗಿಡದಲ್ಲಿ ಹತ್ತಾರು ಕಾಣತೊಡಗುತ್ತವೆ. ಅವು ಕಾಂಡ್ಲಾ ಎಲೆ ತಿಂದು ಬದುಕುವ ಮರ ಏಡಿಗಳು. ಹತ್ತಿರದ ಕೊಂಬೆಯಲ್ಲಿ ಇರುಳು ಬಕ ಕುತ್ತಿಗೆ ಒಳಗೆಳೆದುಕೊಂಡು ಕೂತಿರುತ್ತದೆ. ಅದರ ದಪ್ಪ ಕೊಕ್ಕು ಏಡಿಯ ಚಿಪ್ಪು ಒಡೆಯಲೆಂದೇ ಇರುವಂಥದ್ದು. ಇದೆಲ್ಲ ಕಾರಿನಲ್ಲಿ ಕೂತವರಿಗೆ ಸಿಗುವುದಿಲ್ಲ.

ಈಗ ಹಕ್ಕಿಗಳ ವಿಚಾರ. ರಂಗನತಿಟ್ಟಿನಲ್ಲಿ ದೋಣಿಯಿಂದ ಬಿಳಿ ಚಮಚಕೊಕ್ಕು ನೋಡಿದವರಿಗೆ ಇಲ್ಲಿನದು ಬೆರಗು. ಮೈ ಬಹುಪಾಲು ಗುಲಾಬಿ, ಭುಜದ ಮೇಲೆ ಕಡುಗೆಂಪು ಪಟ್ಟೆ, ದೊಡ್ಡದಾದರೆ ತಲೆ ಬೋಳು. ಈ ಬಣ್ಣ ಅದು ತಿನ್ನುವ ಸಿಗಡಿಯಂಥ ಜೀವಿಗಳಿಂದ ಬರುತ್ತದೆ, ಮರಿಗಳು ಪೇಲವವಾಗಿರುತ್ತವೆ. ಗರಿಗಾಗಿ ನಡೆದ ಬೇಟೆಯಲ್ಲಿ ಫ್ಲಾರಿಡಾದಿಂದ ಬಹುತೇಕ ಅಳಿದುಹೋಗಿದ್ದ ಹಕ್ಕಿ ಇದು. ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಬೀಸುತ್ತಾ ನಡೆಯುವುದನ್ನು ನೋಡಬೇಕೆಂದರೆ ಇಳಿಯುತ್ತಿರುವ ನೀರು ಬೇಕೇ ಬೇಕು. ಭರತದಲ್ಲಿ ಹೋದರೆ ಮರದ ಮೇಲಿನ ಗುಲಾಬಿ ಚುಕ್ಕೆ ಸಿಕ್ಕಿದರೆ ಪುಣ್ಯ.

ಆದರೆ ನಮ್ಮ ಮಟ್ಟಿಗೆ ಈ ಧಾಮದ ನಿಜವಾದ ಹಕ್ಕಿ ರೆಡ್ಡಿಶ್ ಈಗ್ರೆಟ್. ಉತ್ತರ ಅಮೆರಿಕದ ಬೆಳ್ಳಕ್ಕಿ ಬಳಗದಲ್ಲೇ ಅಪರೂಪದ್ದು. ಬೂದು ಮೈ, ತುಕ್ಕು ಬಣ್ಣದ ಕೆದರಿದ ಕುತ್ತಿಗೆ, ಪ್ರಾಯಕ್ಕೆ ಬಂದದ್ದಾದರೆ ತುದಿ ಕಪ್ಪಾದ ಗುಲಾಬಿ ಕೊಕ್ಕು. ಉಳಿದ ಬಕಗಳು ಕಾದು ನಿಂತು ಬೇಟೆಯಾಡಿದರೆ ಇದು ಓಡುತ್ತದೆ, ಜಿಗಿಯುತ್ತದೆ, ಗಿರಕ್ಕನೆ ತಿರುಗುತ್ತದೆ, ರೆಕ್ಕೆ ಎರಡೂ ಬಿಚ್ಚಿ ನೀರಿನ ಮೇಲೆ ನೆರಳು ಮಾಡಿ ಅದರೊಳಗೆ ಬಂದ ಮೀನಿಗೆ ಕುಕ್ಕುತ್ತದೆ. ದೂರದಲ್ಲಿ ಅಮಲೇರಿದಂತೆ ಕುಣಿಯುವ ಬಕ ಕಂಡರೆ ಗುರುತಿಗೆ ಪುಸ್ತಕ ತೆಗೆಯಬೇಕಿಲ್ಲ. ಇದರಲ್ಲೇ ಪೂರ್ತಿ ಬಿಳಿಯವೂ ಇವೆ. ಅವನ್ನು ಸಾಮಾನ್ಯ ಬೆಳ್ಳಕ್ಕಿ ಎಂದು ದಾಟಿ ಹೋಗದಂತೆ ನಡವಳಿಕೆ ಗಮನಿಸಿ.

ಬಿಳಿ ಹೆಜ್ಜಾರ್ಲೆಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ಉತ್ತರದಿಂದ ಬಂದು ಏಪ್ರಿಲ್ ಒಳಗೆ ಮರಳುತ್ತವೆ. ರೆಕ್ಕೆ ಚಾಚಿದರೆ ಸುಮಾರು 9 ಅಡಿ. ಗುಂಪಾಗಿ ಈಜುತ್ತಾ ಮೀನನ್ನು ಅಟ್ಟಿ ಮೊಗೆಯುತ್ತವೆ. ವರ್ಷವಿಡೀ ಇರುವ ಕಂದು ಹೆಜ್ಜಾರ್ಲೆ ಮೇಲಿಂದ ನೀರಿಗೆ ಧುಮುಕುತ್ತದೆ. ಎರಡನ್ನೂ ಒಂದೇ ಬೆಳಗ್ಗೆ ನೋಡಬಹುದು. ನಮ್ಮ ಹಾವಕ್ಕಿಯ ಹತ್ತಿರದ ನೆಂಟ ಆನ್ಹಿಂಗ, ನೀರುಕಾಗೆ, ಕಂಬದ ಮೇಲೆ ಗೂಡು ಕಟ್ಟಿದ, ಮೀನು ಹಿಡಿಯುವ ಹದ್ದಿನಂಥ ಆಸ್ಪ್ರೇ, ಚಳಿಗಾಲದ ನೀಲಿ ರೆಕ್ಕೆಯ ಟೀಲ್ ಬಾತು ಹೆಚ್ಚು ಹುಡುಕದೆ ಸಿಗುತ್ತವೆ. ಗೊರವಗಳ ಜಾತಿ ಬಿಡಿಸಲು ಇಷ್ಟಪಡುವವರಿಗೆ ವಿಲೆಟ್, ಡನ್ಲಿನ್, ಡೌವಿಚರ್ ಎಲ್ಲ ಒಂದೇ ಕೆಸರಿನಲ್ಲಿ ಇರುತ್ತವೆ.

ಮ್ಯಾಂಗ್ರೋವ್ ಕುಕೂ ಆಸೆಗೆ ದೂರದಿಂದ ಬರುವವರಿಗೆ ಒಂದು ಮಾತು. ಹಿಂದೆ ಈ ಧಾಮ ಅದಕ್ಕೆ ಹೆಸರಾಗಿತ್ತು. ಈಗ ಕಾಣುವುದು ಬಹಳ ಕಡಿಮೆಯಾಗಿದೆ. ಅದು ಕೂಗುವುದು ವಸಂತದಿಂದ ಬೇಸಿಗೆಯವರೆಗೆ, ಚಳಿಗಾಲದಲ್ಲಿ ಬಾಯಿ ಬಿಡುವುದಿಲ್ಲ, ದಟ್ಟ ಎಲೆಯೊಳಗೆ ಕದಲದೆ ಕೂರುತ್ತದೆ. ಅದೊಂದನ್ನೇ ನಂಬಿ ಪ್ರವಾಸ ಹಾಕಬೇಡಿ. ಫೋನಿನಲ್ಲಿ ಅದರ ಕೂಗು ಹಾಕಿ ಕರೆಯುವ ಚಾಳಿಯನ್ನಂತೂ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ಮರಿ ಮಾಡುವ ಕಾಲದಲ್ಲಿ ಅದು ಹಕ್ಕಿಯ ಹೊಟ್ಟೆಪಾಡನ್ನೇ ಕೆಡಿಸುತ್ತದೆ.

ಕಾಲ ಯಾವುದು ಒಳ್ಳೆಯದು? ಡಿಸೆಂಬರಿನಿಂದ ಏಪ್ರಿಲ್. ನಮ್ಮ ಆಯ್ಕೆ ಜನವರಿಯ ವಾರದ ದಿನಗಳು. ಹಕ್ಕಿ ತುಂಬಿರುತ್ತವೆ, ಜನರ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ಫೆಬ್ರವರಿ ನಡುವಿನಿಂದ ಮಾರ್ಚ್‌ವರೆಗೆ ದ್ವೀಪಕ್ಕೆ ಹೋಗುವ ಸೇತುರಸ್ತೆಯಲ್ಲಿ ಬೆಳಗ್ಗೆ 9ರ ಮೇಲೆ ವಾಹನಗಳ ಸಾಲು. ಸಂಜೆ ವಾಪಸ್ಸು ಬರುವಾಗ ಇನ್ನೂ ಉದ್ದ. ದ್ವೀಪದಲ್ಲಿ ಟ್ರಾಫಿಕ್ ದೀಪವೇ ಇಲ್ಲದಿರುವುದು ಚಂದವೇ, ಆದರೆ ಆ ತಿಂಗಳಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಬೇಸಿಗೆಯಲ್ಲಿ ಸೆಕೆ, ಮಧ್ಯಾಹ್ನದ ಗುಡುಗು ಮಳೆ, ಮೇಲಿಂದ ನೊರಜು. ಈ ನೊರಜು ಸೊಳ್ಳೆಗಿಂತ ಕೆಟ್ಟದ್ದು, ಕಣ್ಣಿಗೆ ಕಾಣುವುದೇ ಇಲ್ಲ, ಕಚ್ಚಿದ ಗುರುತು ದಿನಗಟ್ಟಲೆ ತುರಿಸುತ್ತದೆ. ಗಾಳಿ ನಿಂತ ಮುಂಜಾನೆ, ಮುಸ್ಸಂಜೆ ಅದರ ಹೊತ್ತು. ಉದ್ದ ತೋಳು, ಉದ್ದ ಪ್ಯಾಂಟು ಹಾಕಿ. ಕೀಟ ದೂರವಿಡುವ ಡೀಟ್ ರಾಸಾಯನಿಕ ಇರುವ ಮುಲಾಮು ಹಚ್ಚಿದರೆ ಅಂಗೈ ಒರೆಸಿಕೊಂಡೇ ಬೈನಾಕ್ಯುಲರ್ ಮುಟ್ಟಿ. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಹಿಡಿಯ ಮೈ ಅಂಟಂಟಾದರೆ ಸರಿಹೋಗುವುದಿಲ್ಲ. 8x42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಈ ಜಾಗಕ್ಕೆ ಹೇಳಿ ಮಾಡಿಸಿದ್ದು. ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನ ಹೊಳಪು ಕತ್ತರಿಸಿ ಕೆಳಗಿನ ಮೀನೂ ಕಾಣುತ್ತದೆ.

ತಲುಪುವುದು ಕಷ್ಟವಿಲ್ಲ. ಫೋರ್ಟ್ ಮೈಯರ್ಸ್ ಊರಿನಿಂದ ಸುಮಾರು 3 ಮೈಲಿ ಉದ್ದದ ಸೇತುರಸ್ತೆ. ದ್ವೀಪಕ್ಕೆ ಹೋಗುವಾಗ ಮಾತ್ರ ಸುಂಕ, ಅದನ್ನು ಕ್ಯಾಮೆರಾ ಮೂಲಕ ವಸೂಲು ಮಾಡುತ್ತಾರೆ, ಬಾಡಿಗೆ ಕಾರಿನವರು ಕಂಪನಿಯ ಹೆಚ್ಚುವರಿ ಶುಲ್ಕ ಎಷ್ಟೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಟ್ಯಾಂಪ ಅಥವಾ ಮಯಾಮಿಯಲ್ಲಿರುವ ಕನ್ನಡಿಗರಿಗೆ ಕಾರಿನಲ್ಲಿ ಮೂರು ಗಂಟೆ ಆಸುಪಾಸು. ಬೆಳಗ್ಗೆ ಹೊರಟು ರಾತ್ರಿ ಮನೆ ಸೇರಬಹುದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಟ್ರಾಮ್ ಪ್ರವಾಸ ವಿಚಾರಿಸಿ. ಪ್ರಕೃತಿ ಬಲ್ಲವರು ಜೊತೆಗಿದ್ದು ಟೆಲಿಸ್ಕೋಪಿನಲ್ಲಿ ತೋರಿಸುತ್ತಾರೆ, ಬಿಸಿಲಲ್ಲಿ ನಡೆಯುವ ತೊಂದರೆ ಇಲ್ಲ. ಹಿರಿಯರಿಗೆ ಹಿಡಿಸುವ ಇನ್ನೊಂದು ತಾಣ ಶೆಲ್ ಮೌಂಡ್ ಟ್ರೇಲ್, ಡ್ರೈವ್ ಮುಗಿಯುವ ಹತ್ತಿರ, ಮೈಲಿಯ ಮೂರನೇ ಒಂದು ಪಾಲು. ಇಲ್ಲಿನ ಮೂಲನಿವಾಸಿಗಳಾದ ಕಲೂಸಾ ಜನ ನೂರಾರು ವರ್ಷ ತಿಂದು ಎಸೆದ ಕಪ್ಪೆಚಿಪ್ಪುಗಳ ದಿಬ್ಬದ ಮೇಲೆ ಸುಣ್ಣ ಬಯಸುವ ಮರಗಳು ಬೆಳೆದು ನೆರಳಾಗಿದೆ. ಸೊಳ್ಳೆ ಮಾತ್ರ ಅಲ್ಲೇ ಹೆಚ್ಚು.

2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಈ ದ್ವೀಪದ ಮೇಲೆ ಸಮುದ್ರವನ್ನೇ ಹರಿಸಿತು, ಸೇತುರಸ್ತೆ ಹಲವು ಕಡೆ ಕೊಚ್ಚಿಹೋಯಿತು. ಕಾಂಡ್ಲಾ ಮರಗಳ ಎಲೆ ಉದುರಿ ಬೋಳಾದವು, ಸಿಹಿನೀರಿನ ಕೊಳಗಳಿಗೆ ಉಪ್ಪು ನುಗ್ಗಿತು. ಚಿಗುರಿದ ಕಡೆ ಕಾಡು ದಟ್ಟವಾಗಿದೆ, ಸತ್ತ ಬೂದು ಕೊಂಬೆಗಳೂ ಹಾಗೇ ನಿಂತಿವೆ. ಹಳೆಯ ಫೋಟೋ ನೋಡಿಕೊಂಡು ಹೋದವರಿಗೆ ಮನಸ್ಸು ಕಸಿವಿಸಿಯಾಗಬಹುದು. ಆದರೆ ಆ ಒಣ ಕೊಂಬೆಗಳ ಮೇಲೆ ಆಸ್ಪ್ರೇ, ಆನ್ಹಿಂಗ ಕೂತಾಗ ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ ಎಂಬುದೂ ನಿಜ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಆಗ ಹೋಗುವವರು ರದ್ದು ಮಾಡಲು ಬರುವಂಥ ಕೋಣೆಯನ್ನೇ ಕಾಯ್ದಿರಿಸಿ.

ಧಾಮಕ್ಕೆ ಹೆಸರಿಟ್ಟಿರುವುದು ಜೇ ನಾರ್ವುಡ್ ಡಾರ್ಲಿಂಗ್ ಅವರದು. ‘ಡಿಂಗ್’ ಎಂದು ಸಹಿ ಹಾಕುತ್ತಿದ್ದ ವ್ಯಂಗ್ಯಚಿತ್ರಕಾರ, ಎರಡು ಬಾರಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಪಕ್ಕದ ಕ್ಯಾಪ್ಟಿವ ದ್ವೀಪದಲ್ಲಿ ಚಳಿಗಾಲ ಕಳೆಯುತ್ತಿದ್ದ ಅವರು ಈ ಕಾಂಡ್ಲಾ ನೆಲ ಮಾರಾಟವಾಗದಂತೆ ಹಟ ಹಿಡಿದರು. 1945ರಲ್ಲಿ ಅಧ್ಯಕ್ಷ ಟ್ರೂಮನ್ ಆದೇಶದಿಂದ ಧಾಮವಾಯಿತು, 1967ರಲ್ಲಿ ಡಾರ್ಲಿಂಗ್ ಹೆಸರು ಬಂತು. ವಲಸೆ ಬಾತುಗಳ ನೆಲ ಕೊಳ್ಳಲು ಹಣ ಕೂಡಿಸುವ ‘ಡಕ್ ಸ್ಟ್ಯಾಂಪ್’ 1934ರಲ್ಲಿ ಶುರುವಾದಾಗ ಮೊದಲ ಚಿತ್ರ ಬರೆದದ್ದೂ ಅವರೇ. ಆ ಸ್ಟ್ಯಾಂಪ್ ಇಂದೂ ಸಿಗುತ್ತದೆ, 25 ಡಾಲರ್. ಬಾತು ಬೇಟೆಗಾರರಿಗೆ ಅದು ಕಡ್ಡಾಯ. ಹಕ್ಕಿ ನೋಡುವವರಿಗೆ ಶುಲ್ಕ ಇರುವ ಎಲ್ಲ ರಾಷ್ಟ್ರೀಯ ವನ್ಯಜೀವಿ ಧಾಮಗಳ ಪ್ರವೇಶ ಚೀಟಿಯೂ ಹೌದು, ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ. ಕಾರಿನಲ್ಲಿ ಮೂರು ಸಲ ಬರುವವರಿಗೆ ಲಾಭವೇ. ಒಂದೇ ಸಲ ಬಂದರೂ ಕೊಳ್ಳಿ ಎನ್ನುತ್ತೇವೆ, ಹಣದ ಬಹುಪಾಲು ನೇರವಾಗಿ ಜೌಗು ನೆಲ ಉಳಿಸಲು ಹೋಗುತ್ತದೆ.

ಶುಕ್ರವಾರ ಬಂದು ಸಿಕ್ಕಿಕೊಂಡವರಿಗೆ, ಅಥವಾ ಭರತ ಇಳಿಯಲು ಇನ್ನೂ ಮೂರು ಗಂಟೆ ಇದೆ ಎನ್ನುವವರಿಗೆ ಬೇಯ್ಲಿ ಟ್ರ್ಯಾಕ್ಟ್ ಇದೆ. ಟಾರ್ಪನ್ ಬೇ ರಸ್ತೆಯಲ್ಲಿ, ಧಾಮದ್ದೇ ಬೇರೆ ತುಣುಕು, 100 ಎಕರೆ. ವಾರದ ಎಲ್ಲ ದಿನ ತೆರೆದಿರುತ್ತದೆ, ಶುಲ್ಕವಿಲ್ಲ, ಕಾರಿಗೆ ಒಳಗೆ ಪ್ರವೇಶವಿಲ್ಲ. ಬಣ್ಣದ ಗುರುತು ಹಾಕಿದ ಕಾಲುದಾರಿಗಳು ಸಿಹಿನೀರಿನ ಕೊಳಗಳ ಸುತ್ತ ಹೋಗುತ್ತವೆ. ಇಲ್ಲಿ ಭರತ, ಇಳಿತದ ಹಂಗಿಲ್ಲ, ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಕಾರು ನಿಲ್ಲಿಸುವ ಜಾಗ ಚಿಕ್ಕದು, ತುಂಬಿದ್ದರೆ ರಸ್ತೆ ಬದಿ ನಿಲ್ಲಿಸಬೇಡಿ, ದಂಡ ಬೀಳುತ್ತದೆ. ಸೈಕಲ್ ದಾರಿಯಿಂದಲೇ ತಲುಪಬಹುದು.